ಮೊದಲ ತುತ್ತು

ದೊಡ್ಡಮನೆಯಲ್ಲಿ ಒಂದೇ ದಿನ ಇಬ್ಬರು ವಿಷದಿಂದ ಸತ್ತರು. ಪೊಲೀಸರು ಬರೆದುಕೊಂಡ ಕೊಲೆ ಒಂದು.

ಬರೆದುಕೊಂಡದ್ದು ಕಲ್ಲುಗಣಿಯ ಒಡೆಯರಾದ ದೊಡ್ಡ ಯಜಮಾನರ ಸಾವನ್ನು. ಬಿಟ್ಟದ್ದು ಅವರ ಊಟದ ರುಚಿ ನೋಡುತ್ತಿದ್ದ ತುತ್ತಮ್ಮನ ಸಾವನ್ನು.

ತುತ್ತಮ್ಮ ಎನ್ನುವುದು ಆ ಮನೆ ಅವಳಿಗೆ ಅಂಟಿಸಿದ ಹೆಸರು. ಸ್ವಂತ ಅಣ್ಣನ ಪಾಲನ್ನು ನುಂಗಿ ನೀರು ಕುಡಿದಿದ್ದ ಯಜಮಾನರಿಗೆ ತನ್ನನ್ನೂ ಯಾರೋ ಮುಗಿಸಿಬಿಡುತ್ತಾರೆ ಎಂಬ ಭಯ ಹೊಕ್ಕಿತ್ತು. ಹೊರಗಿನವರದಲ್ಲ, ಒಳಗಿನವರದೇ ಭಯ. ಹಾಗಾಗಿ ಊಟದ ಮೇಜಿನಲ್ಲಿ ಅವರ ಎಡಕ್ಕೆ ಒಬ್ಬ ಹೆಂಗಸು ನಿಲ್ಲಬೇಕು. ಅವರಿಗೆಂದೇ ಬೇರೆ ಇಡುವ ಪ್ರತಿ ಪಾತ್ರೆಯಿಂದ ಒಂದೊಂದು ಚಮಚ ಅವಳ ಅಂಗೈಗೆ ಬೀಳಬೇಕು. ತಟ್ಟೆಗಲ್ಲ, ಅಂಗೈಗೆ. ಸುಡುತ್ತಿದ್ದರೂ ಅವಳು ಅದನ್ನು ನುಂಗಬೇಕು. ನುಂಗಿದ ಮೇಲೆ ಬಾಯಿ ತೆರೆಯಬೇಕು.

"ನಾಲಿಗೆ ತೋರಿಸು" ಎನ್ನುತ್ತಿದ್ದರು ಯಜಮಾನರು.

ಅವಳು ತೋರಿಸುತ್ತಿದ್ದಳು. ಬಂದ ನೆಂಟರು ಮೊದಮೊದಲು ಮುಖ ತಿರುಗಿಸುತ್ತಿದ್ದರು, ಆಮೇಲೆ ಅವರಿಗೂ ಅಭ್ಯಾಸವಾಗುತ್ತಿತ್ತು. ಅಂಥ ಭಾರಿ ಮನೆಯಲ್ಲಿ ಗಡಿಯಾರ ಹೊಡೆಯುತ್ತದೆ, ನಾಯಿ ಬೊಗಳುತ್ತದೆ, ಒಬ್ಬಳು ನಾಲಿಗೆ ತೋರಿಸುತ್ತಾಳೆ. ಅದರಲ್ಲೇನು ವಿಶೇಷ?

ಅವಳಿಗೊಬ್ಬ ಮಗಳು. ಮೇಜಿನ ಬಟ್ಟೆ, ಹಾಸಿಗೆಯ ಚಾದರ, ಗಂಡಸರ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡುವುದು ಅವಳ ಕೆಲಸವಾದ್ದರಿಂದ ಅವಳನ್ನು ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಿದ್ದರು. ಅಡುಗೆಮನೆಯ ಹಿಂದಿನ ಇಸ್ತ್ರಿ ಕೋಣೆಯಲ್ಲೇ ತಾಯಿ ಮಗಳ ವಾಸ. ಕಿಟಕಿ ತೆರೆದರೆ ಗಣಿಯ ಧೂಳು ಬಂದು ಬಿಳಿ ಬಟ್ಟೆಯ ಮೇಲೆ ಕೂರುತ್ತಿತ್ತು, ಮುಚ್ಚಿದರೆ ಇದ್ದಿಲಿನ ಕಾವಿಗೆ ಉಸಿರು ಕಟ್ಟುತ್ತಿತ್ತು. ಬಟ್ಟೆ ಮುಖ್ಯವಾದ್ದರಿಂದ ಅದು ಮುಚ್ಚಿಯೇ ಇರುತ್ತಿತ್ತು.

ಆ ಬೆಳಿಗ್ಗೆ ತುತ್ತಮ್ಮ ಒಗೆಯಲು ಬಿದ್ದಿದ್ದ ಚಾದರಗಳ ರಾಶಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದಳು. ಹಿಂದಿನ ದಿನ ಸಂಜೆಯ ಊಟದಲ್ಲಿ ಎಲ್ಲ ಸರಿಯಿತ್ತು. ನಾಲಿಗೆ ತೋರಿಸಿದ್ದಳು, ಯಜಮಾನರು ಹೊಟ್ಟೆ ತುಂಬ ಉಂಡಿದ್ದರು. ಇಸ್ತ್ರಿ ಮಹಡಿಯ ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಹಲ್ಲುಡಾಕ್ಟರು ಸಿಕ್ಕರು. ಅವರು ಯಜಮಾನರ ಸತ್ತ ಹೆಂಡತಿಯ ತಮ್ಮ, ಮನೆಮಕ್ಕಳಿಗೆಲ್ಲ ಸೋದರಮಾವ. ಹಲ್ಲು ಕೀಳುವ ಕೆಲಸ ಬಿಟ್ಟು ನಿವೃತ್ತರಾದ ಮೇಲೆ ಭಾವನ ಮನೆಯಲ್ಲೇ ಠಿಕಾಣಿ ಹೂಡಿದ್ದರು.

"ಡಾಕ್ಟ್ರೇ, ಸ್ವಲ್ಪ ಕೆಳಗೆ ಬನ್ನಿ. ಅಮ್ಮಂಗೆ ಏನೋ ಆಗ್ತಿದೆ."

"ಈಗ ಆಗಲ್ಲಮ್ಮ. ಯಜಮಾನ್ರು ಸಾಯ್ತಿದ್ದಾರೆ."

"ಅಮ್ಮನೂ ಸಾಯ್ತಿದ್ದಾಳೆ."

ಡಾಕ್ಟರು ಮೆಟ್ಟಿಲ ಮೇಲೆ ನಿಂತರು. ಮುಖದಲ್ಲಿ ಏನೋ ಹೊಳೆಯಿತು. "ಅವಳಿಗೂ ವಾಂತಿಯಾ? ಕಾಲು ಉರಿಯಾ?" ಎನ್ನುತ್ತಾ ದಡದಡ ಇಳಿದು ಬಂದರು. ತುತ್ತಮ್ಮನ ರೆಪ್ಪೆ ಎತ್ತಿ ನೋಡಿದರು, ಬಾಯಿ ಮೂಸಿದರು, ಅಂಗಾಲು ಒತ್ತಿದರು. ಅವಳು ಚೀರಿದಳು. "ಸರಿ, ಹಾಗಾದ್ರೆ ಊಟದಲ್ಲೇ ಸೇರಿದೆ" ಎಂದು ತಮಗೆ ತಾವೇ ಹೇಳಿಕೊಂಡು ಮೇಲಕ್ಕೆ ಓಡಿಹೋದರು. ಅವರು ಅವಳನ್ನು ನೋಡಿದ್ದು ಯಜಮಾನರ ಕಾಯಿಲೆ ಯಾವುದೆಂದು ತಿಳಿಯುವುದಕ್ಕೆ. ಸಾಯುವಾಗಲೂ ಅವಳು ಆ ಮನೆಗೆ ರುಚಿ ನೋಡಿಕೊಟ್ಟಳು.

ಮತ್ತೆ ಯಾರೂ ಕೆಳಗೆ ಬರಲಿಲ್ಲ.

ಪೊಲೀಸರು ಬಂದರು. ಇಬ್ಬರ ಹೆಣವನ್ನೂ ಪೇಟೆಯ ಸರಕಾರಿ ಆಸ್ಪತ್ರೆಗೆ ಸಾಗಿಸಿದರು, ಒಂದನ್ನು ಕಾರಿನಲ್ಲಿ, ಒಂದನ್ನು ಕಲ್ಲು ಸಾಗಿಸುವ ಲಾರಿಯಲ್ಲಿ. ಗಣಿಯ ಉಗ್ರಾಣದಲ್ಲಿದ್ದ ಇಲಿಪಾಷಾಣ ಊಟಕ್ಕೆ ಬೆರೆತಿದೆ ಎಂದು ಗೊತ್ತಾಯಿತು. ತಿಂದ ತಕ್ಷಣ ಏನೂ ಆಗುವುದಿಲ್ಲ, ಮಾರನೆಯ ದಿನ ಅದರ ಕೈವಾಡ ಕಾಣುತ್ತದೆ. ನಾಲಿಗೆ ತೋರಿಸಿಕೊಂಡು ನಂಬಿದವರಿಗೆ ಸರಿಯಾದ ವಿಷ. ಇಷ್ಟು ತಿಳಿದ ಇನ್‌ಸ್ಪೆಕ್ಟರು ಮುಂದೇನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಹಲ್ಲುಡಾಕ್ಟರು ಅವರ ಭುಜದ ಮೇಲೆ ಕೈ ಇಟ್ಟರು.

"ಮನೆ ಮರ್ಯಾದೆ ಪ್ರಶ್ನೆ, ಸಾಹೇಬ್ರೇ. ನಂಗೊಂದು ಅವಕಾಶ ಕೊಡಿ. ಇಂಥದ್ರಲ್ಲಿ ನಂಗೆ ಸ್ವಲ್ಪ ಹುಚ್ಚಿದೆ."

ಸ್ವಲ್ಪವಲ್ಲ, ಬೇಕಾದಷ್ಟಿತ್ತು. ಪತ್ತೇದಾರಿ ಕಾದಂಬರಿಗಳನ್ನು ಅವರು ಕಪಾಟುಗಟ್ಟಲೆ ಓದಿದ್ದರು. ನೆಂಟರ ಮದುವೆಯಲ್ಲಿ ಕಳೆದ ಉಂಗುರ, ಕ್ಲಬ್ಬಿನಲ್ಲಿ ಕಾಣೆಯಾದ ಬೆಳ್ಳಿ ಲೋಟ, ಎಲ್ಲಕ್ಕೂ ಅವರೇ ಕಳ್ಳರನ್ನು ಹಿಡಿದುಕೊಟ್ಟಿದ್ದರು. ಅವರು ಹಿಡಿದ ಕಳ್ಳರೆಲ್ಲ ಅದೇನೋ ಬಡವರೇ ಆಗಿರುತ್ತಿದ್ದರು.

ಅವರ ತನಿಖೆ ಶುರುವಾಯಿತು. ಹಲ್ಲು ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಹಿಡಿದುಕೊಂಡು ಕಪಾಟಿನಡಿ, ಒಲೆಯ ಹಿಂದೆ, ಆಳುಗಳ ಪೆಟ್ಟಿಗೆಯೊಳಗೆ ಇಣುಕಿದರು. ಅಡುಗೆಯಣ್ಣನನ್ನು ಕರೆದು ನಿಲ್ಲಿಸಿದರು.

"ಸಾರಿಗೆ ಏನು ಹಾಕಿದೆ?"

"ಉಪ್ಪು ಹಾಕಿದೆ."

"ಅದರ ಮೇಲೆ?"

"ಮುಚ್ಚಳ ಹಾಕಿದೆ."

"ತಮಾಷೆನಾ?"

"ಅಯ್ಯೋ, ನನ್ನ ಕುತ್ತಿಗೆಗೆ ಬಂದಿರೋವಾಗ ತಮಾಷೆ ಎಲ್ಲಿಂದ ಬರುತ್ತೆ ಡಾಕ್ಟ್ರೇ? ಪಾತ್ರೆ ಹಜಾರದ ಪಕ್ಕದ ಮೇಜಿನ ಮೇಲಿಟ್ಟು ಬಂದೆ. ಅಲ್ಲಿಂದಾಚೆಗೆ ಬಡಿಸೋದು ಮನೆಯವರು. ನಮಗೆ ಒಳಗೆ ಬರೋ ಅಪ್ಪಣೆ ಇಲ್ವಲ್ಲ."

ಡಾಕ್ಟರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಸ್ತ್ರಿ ಮಾತ್ರ ಅವರನ್ನು ನಂಬಿದಳು. ಓದಿದವರು, ಒಂದಲ್ಲ ಒಂದು ಕಡೆಯಿಂದ ನಿಜಕ್ಕೆ ಬಂದು ಮುಟ್ಟುತ್ತಾರೆ ಎಂದುಕೊಂಡಳು. ಅಮ್ಮನ ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು. ಕೇಳಲು ಹೋದರೆ ಅಲ್ಲಿನವರು, "ದೊಡ್ಡಮನೆಯವರು ಹೇಳಲಿ, ಬಿಡ್ತೀವಿ. ಯಾರೂ ಹೇಳದಿದ್ರೆ ಕಾಲೇಜಿಗೆ ಹೋಗುತ್ತೆ, ಹುಡುಗರು ಕೊಯ್ದು ಕಲೀತಾರೆ" ಅಂದಿದ್ದರು. ಅಮ್ಮನನ್ನು ಗಣಿಯ ಹಿಂದಿನ ಆಳುಗಳ ಮಣ್ಣಿನಲ್ಲಿ ಮಲಗಿಸಬೇಕು. ಅವಳನ್ನು ಕೊಂದವರು ಯಾರೆಂದು ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕು. ಇಸ್ತ್ರಿಗೆ ಬೇಕಿದ್ದದ್ದು ಇವೆರಡೇ.

ಅವಳು ಅಮ್ಮನ ಬಾಚಣಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಡಾಕ್ಟರ ಕೋಣೆಗೆ ಹೋದಳು.

"ಏನಮ್ಮ ಇದು?"

"ಅಮ್ಮನ ಕೂದಲು. ಮೂರು ತಿಂಗಳಿಂದ ಹಿಡಿಹಿಡಿಯಾಗಿ ಉದುರ್ತಿತ್ತು. ಎಲ್ಲರೂ ಬೋಳಮ್ಮ ಅಂತ ನಗ್ತಿದ್ರು. ಆಗಾಗ ವಾಂತಿ, ಅಂಗಾಲು ಉರಿ. ಯಜಮಾನ್ರಿಗೆ ಅದ್ಯಾವುದೂ ಇರಲಿಲ್ಲ. ಅವರ ಪಾತ್ರೆಯಿಂದಲೇ ಅಮ್ಮ ತಿಂದದ್ದಾದ್ರೆ ಇಬ್ಬರಿಗೂ ಆಗಬೇಕಿತ್ತು, ಅಲ್ವಾ?"

ಡಾಕ್ಟರು ಕನ್ನಡಕ ಸರಿಪಡಿಸಿಕೊಂಡು ಬಾಚಣಿಗೆಯನ್ನು ಬೆಳಕಿಗೆ ಹಿಡಿದರು. "ಸರಿಯಾಗೇ ಯೋಚನೆ ಮಾಡಿದ್ದೀಯ. ಅಂದ್ರೆ ನಿಮ್ಮಮ್ಮ ಬೇರೆ ಏನೋ ತಿಂತಿದ್ದಳು."

"ಹಾಲು ಕುಡೀತಿದ್ದಳು. ಅಕ್ಕಾವ್ರು ಕೊಡ್ತಿದ್ರು."

ಅಕ್ಕಾವ್ರು ಯಜಮಾನರ ಮಗಳು. ಕೇಳಿಕೊಂಡು ಬಂದ ಗಂಡುಗಳನ್ನೆಲ್ಲ ಯಜಮಾನರು ಗೇಟಿನಿಂದಲೇ ವಾಪಸು ಕಳಿಸಿದ್ದರು. ಅಪ್ಪನ ಉಗುರು ಕತ್ತರಿಸುತ್ತಾ, ಬೆನ್ನು ತಿಕ್ಕುತ್ತಾ, ಉಗ್ರಾಣದ ಬೀಗದ ಕೈಗೊಂಚಲು ಸೊಂಟದಲ್ಲಿ ಕುಲುಕಿಸಿಕೊಂಡು ಓಡಾಡುತ್ತಾ ಅವರ ತಲೆ ನೆರೆತಿತ್ತು. ಮನೆ, ಗಣಿ ಎಲ್ಲ ಮಗನಿಗೇ ಎಂದು ಯಜಮಾನರು ಊಟದ ಮೇಜಿನಲ್ಲೇ ಎಲ್ಲರೆದುರು ಸಾರಿದ್ದರು. "ನಿಂಗೆ ಬಿಡು, ಅಣ್ಣನ ಮನೇಲಿ ಒಂದು ಮೂಲೆ ಸಾಕು" ಎಂದು ನಕ್ಕಿದ್ದರು. ಅವತ್ತು ಇಸ್ತ್ರಿಗೆ ಅಕ್ಕಾವ್ರ ಮೇಲೆ ಅಯ್ಯೋ ಅನ್ನಿಸಿತ್ತು.

ಅದಾದ ಮೇಲೇ ಹಾಲು ಶುರುವಾದದ್ದು. ಸಂಜೆ ಅಕ್ಕಾವ್ರು ತಾವೇ ಇಸ್ತ್ರಿ ಕೋಣೆಗೆ ಬರುತ್ತಿದ್ದರು. "ಪಾಪ, ದಿನಾ ಬೇರೆಯವರ ಊಟದ ರುಚಿ ನೋಡ್ತೀಯ. ಇದು ನಿಂಗಂತಲೇ. ನನ್ನೆದುರೇ ಕುಡಿ, ಇಲ್ಲದಿದ್ರೆ ಮಗಳಿಗೆ ಕೊಟ್ಟುಬಿಡ್ತೀಯ." ಮಾರನೆಯ ದಿನ ಮತ್ತೆ ಬಂದು ಹಣೆ ಮುಟ್ಟಿ ಕೇಳುತ್ತಿದ್ದರು: "ಹೊಟ್ಟೆ ನೋವಾ? ಅಯ್ಯೋ. ಎಷ್ಟು ಹೊತ್ತಿಗೆ ಶುರುವಾಯ್ತು? ನೆನಪು ಮಾಡಿಕೊಂಡು ಹೇಳು."

ತುತ್ತಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು. "ನೋಡೇ," ಎಂದು ಮಗಳಿಗೆ ಹೇಳುತ್ತಿದ್ದಳು, "ನಿಂಗೆ ಯಾವಾಗ ನೋವು ಶುರುವಾಯ್ತು ಅಂತ ಕೇಳೋರು ಈ ಮನೇಲಿ ಇಷ್ಟು ವರ್ಷದಲ್ಲಿ ಯಾರಾದ್ರೂ ಇದ್ರಾ?"

ಇಷ್ಟನ್ನೂ ಡಾಕ್ಟರಿಗೆ ಹೇಳುತ್ತಾ ಹೇಳುತ್ತಾ ಇಸ್ತ್ರಿಗೆ ಎಲ್ಲ ಹೊಳೆಯಿತು. ಅಲ್ಲಿಯವರೆಗೆ ಮನಸ್ಸು ಆ ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿತ್ತು, ಈಗ ಬಾಗಿಲು ತಾನೇ ತೆರೆದುಕೊಂಡಿತು. ಯಜಮಾನರನ್ನು ಕೊಲ್ಲಬೇಕಿದ್ದರೆ, ಊಟ ಮುಗಿಯುವವರೆಗೂ ರುಚಿ ನೋಡಿದವಳು ನೆಟ್ಟಗೆ ನಿಂತಿರಬೇಕು. ಎಷ್ಟು ಹಾಕಿದರೆ ಎಷ್ಟು ಹೊತ್ತಿಗೆ ಬೀಳುತ್ತಾಳೆ ಎಂದು ಮೊದಲೇ ಯಾರ ಮೇಲಾದರೂ ಮಾಡಿ ನೋಡಬೇಕು. ಅಪ್ಪನ ಊಟದ ರುಚಿ ನೋಡಿದವಳ ಕೈಯಲ್ಲೇ ಮಗಳು ಅಪ್ಪನ ಸಾವಿನ ರುಚಿಯನ್ನೂ ನೋಡಿಸಿದ್ದಳು.

"ಅಕ್ಕಾವ್ರೇ, ಡಾಕ್ಟ್ರೇ. ಅವರೇ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ."

"ಒಳ್ಳೇದಾಯ್ತು. ಬಾಚಣಿಗೆ ಇಲ್ಲೇ ಬಿಟ್ಟು ಹೋಗು."

ಬಿಟ್ಟು ಹೋದಳು. ಅಷ್ಟು ನಿರಾಳವಾಗಿ ಅವಳು ಆ ವಾರ ಉಸಿರಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಎಲ್ಲರನ್ನೂ ಹಜಾರಕ್ಕೆ ಕರೆಸಿದರು. ಮನೆಯವರು ಕೂತರು, ಆಳುಗಳು ಗೋಡೆಗೆ ಒತ್ತಿ ನಿಂತರು. ಚಿಕ್ಕ ಯಜಮಾನ, ಅಂದರೆ ಸತ್ತವರ ಮಗ, ಕಾಲ ಮೇಲೆ ಕಾಲು ಹಾಕಿಕೊಂಡು ಅದನ್ನು ಅಲುಗಿಸುತ್ತಿದ್ದ. ಅಕ್ಕಾವ್ರ ಮಡಿಲಲ್ಲಿ ಬೀಗದ ಕೈಗೊಂಚಲು ಸದ್ದಿಲ್ಲದೆ ಮಲಗಿತ್ತು. ಇನ್‌ಸ್ಪೆಕ್ಟರಿಗೆ ಮೆತ್ತನೆಯ ಕುರ್ಚಿ. ಡಾಕ್ಟರು ನಡುವೆ ನಿಂತು ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆದರು. ಇಷ್ಟು ವರ್ಷ ಪುಸ್ತಕದಲ್ಲಿ ಓದಿಕೊಂಡು ಬಂದಿದ್ದ ಆ ಗಳಿಗೆ ಕೊನೆಗೂ ಅವರ ಕೈಗೆ ಸಿಕ್ಕಿತ್ತು. ಅದನ್ನು ಹೀರಿ ಹೀರಿ ಸವಿದರು.

"ಕೊಲೆಗಾರರು ಈ ಕೋಣೆಯಲ್ಲಿಲ್ಲ," ಎಂದರು. ಗೋಡೆಯಂಚಿನಲ್ಲಿ ಅಡುಗೆಯಣ್ಣ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. "ಕೊಲೆಗಾತಿ ಸತ್ತುಹೋಗಿದ್ದಾಳೆ. ಇದು ಅವಳ ಕೂದಲು."

ಕಾಗದದ ಪೊಟ್ಟಣ ಬಿಚ್ಚಿದರು. ಅಮ್ಮನ ನರೆಗೂದಲು ಮೇಜಿನ ಮೇಲೆ ಬಿತ್ತು.

ಅವರು ವಿವರಿಸಿದರು. ತುತ್ತಮ್ಮ ಮೂರು ತಿಂಗಳಿಂದ ಪಾಷಾಣವನ್ನು ಚೂರುಚೂರೇ ತಾನೇ ತಿಂದು ಮೈಗೆ ಒಗ್ಗಿಸಿಕೊಂಡಳು. ಕೂದಲು ಉದುರಿದ್ದು ಅದಕ್ಕೇ. ಕೊನೆಗೆ ಯಜಮಾನರ ಊಟಕ್ಕೆ ಬೆರೆಸಿದಳು. ಅವರು ಸಾಯುತ್ತಾರೆ, ತಾನು ಉಳಿಯುತ್ತೇನೆ ಎಂದು ಲೆಕ್ಕ ಹಾಕಿದಳು. ಓದಿಲ್ಲದವಳು, ಲೆಕ್ಕ ತಪ್ಪಿತು. ಯಾಕೆ ಕೊಂದಳು? ವರ್ಷಗಟ್ಟಲೆ ಎಲ್ಲರೆದುರು ನಾಲಿಗೆ ತೋರಿಸಿದ ಅವಮಾನಕ್ಕೆ.

ಆ ಪದ್ಧತಿಯಲ್ಲಿ ಅವಮಾನ ಇದೆ ಎಂದು ಆ ಮನೆ ಒಪ್ಪಿಕೊಂಡದ್ದು ಅದೇ ಮೊದಲು. ಅವಳು ಬದುಕಿದ್ದಾಗ ಇರದಿದ್ದ ಅವಮಾನ, ಅವಳನ್ನು ಕೊಲೆಗಾತಿ ಮಾಡಬೇಕಾದಾಗ ತಟ್ಟನೆ ಹುಟ್ಟಿತು.

"ಸುಳ್ಳು!" ಇಸ್ತ್ರಿಯ ಗಂಟಲು ಬಿರಿಯಿತು. "ಹಾಲು! ಹಾಲಿನ ವಿಷಯ ಹೇಳಿ ಡಾಕ್ಟ್ರೇ! ನಿನ್ನೆ ನಾನೇ ಹೇಳಿದೆನಲ್ಲ!"

ಅಕ್ಕಾವ್ರು ಸೆರಗಿನಿಂದ ಕಣ್ಣೊತ್ತಿಕೊಂಡರು. "ಹೌದು, ಕರುಣೆಯಿಂದ ಹಾಲು ಕೊಡ್ತಿದ್ದೆ. ಆ ಹಾಲಿಗೇ ಬೆರೆಸಿಕೊಂಡು ಕುಡೀತಿದ್ದಳೋ ಏನೋ, ನಂಗೇನು ಗೊತ್ತು? ಉಪಕಾರ ಮಾಡಿದ್ದಕ್ಕೆ ನಮ್ಮಪ್ಪನ್ನೇ ತಿಂದಳಲ್ಲ."

ಇನ್‌ಸ್ಪೆಕ್ಟರು ತಲೆದೂಗಿದರು. ಹಿಡಿಯುವುದಕ್ಕೆ ಯಾರೂ ಇಲ್ಲದ ಕೊಲೆಯಂಥ ಸುಲಭದ ಕೊಲೆ ಇನ್ನೊಂದಿಲ್ಲ. ಸತ್ತವಳ ತಲೆಯ ಮೇಲೆ ಗೂಬೆ ಕೂರಿಸಿ, ಎಲ್ಲರೂ ಕೈ ತೊಳೆದುಕೊಂಡು ಊಟಕ್ಕೆ ಎದ್ದರು.

ಡಾಕ್ಟರು ಇಸ್ತ್ರಿಯನ್ನು ಓಣಿಗೆ ಎಳೆದೊಯ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಲ್ಲು ಕೀಳುವ ಮುಂಚೆ ಮಕ್ಕಳನ್ನು ಸಮಾಧಾನ ಮಾಡುವ ದನಿ ಅದು.

"ನೋಡಮ್ಮ, ನೀನು ಹೇಳಿದ್ದೆಲ್ಲ ನಿಜ. ನಂಗೆ ಗೊತ್ತು. ಆದ್ರೆ ನಿಮ್ಮಮ್ಮನ್ನ ಇನ್ನು ಯಾರೂ ನೇಣು ಹಾಕಲ್ಲ. ಬದುಕಿರೋಳ ಕುತ್ತಿಗೆಗೆ ಯಾಕೆ ಹಗ್ಗ ತರ್ತೀಯ? ಅವಳು ನನ್ನ ಅಕ್ಕನ ಮಗಳು."

"ನನ್ನಮ್ಮ?"

"ನಿಮ್ಮಮ್ಮನ ಹೆಣ ನಿಂಗೆ ಸಿಗುತ್ತೆ. ಚಿಕ್ಕ ಯಜಮಾನ ಒಪ್ಪಿದ್ದಾನೆ. ಗಣಿ ಹಿಂದೆ ಮಣ್ಣು ಮಾಡಿಕೋ, ಯಾರೂ ಅಡ್ಡ ಬರಲ್ಲ. ಕೋಣೆನೂ ನಿಂದೇ. ಎರಡೇ ಮಾತು. ಹಾಲಿನ ಸುದ್ದಿ ಬಾಯಿಗೆ ತರಬೇಡ. ಆಮೇಲೆ, ನಿಮ್ಮಮ್ಮನ ಜಾಗಕ್ಕೆ ನೀನು ನಿಲ್ಲು. ಇವತ್ತಿನಿಂದಲೇ."

ಇಸ್ತ್ರಿಗೆ ಮೊದಲು ಅರ್ಥವೇ ಆಗಲಿಲ್ಲ.

"ಇಲ್ಲದಿದ್ರೆ ಕಾಲೇಜು. ಯೋಚನೆ ಮಾಡು." ಅವರು ಅವಳ ತಲೆ ಸವರಿ ಹೋದರು.

ಅಡುಗೆಮನೆಯಲ್ಲಿ ಅಡುಗೆಯಣ್ಣ ಅಮ್ಮನ ಬಿಳಿ ಏಪ್ರನ್ ಹಿಡಿದು ನಿಂತಿದ್ದ. ಅದನ್ನು ಹೋದ ವಾರ ಇಸ್ತ್ರಿ ಮಾಡಿದ್ದೂ ಅವಳೇ. ಮಡಿಕೆ ಇನ್ನೂ ಗರಿಗರಿಯಾಗಿತ್ತು.

"ಕಟ್ಟಿಕೊಳ್ಳವ್ವ," ಅವನು ಅವಳ ಮುಖ ನೋಡಲಿಲ್ಲ. "ಹೆಣ ಮೊದಲು ಕೈಗೆ ಬರಲಿ. ಆಮೇಲೆ ಓಡಿಹೋಗು. ಇವತ್ತು ಒಂದು ಹೊತ್ತು ನುಂಗಿಬಿಡು."

"ನೀನಾಗಿದ್ರೆ ನುಂಗ್ತಿದ್ದೆಯಾ ಅಣ್ಣಾ?"

"ನಾನು ದಿನಾ ನುಂಗ್ತಾನೇ ಇದ್ದೀನಲ್ಲ."

ಅವಳು ಏಪ್ರನ್ ಕಟ್ಟಿಕೊಂಡಳು. ಕಟ್ಟಿಕೊಳ್ಳುವಾಗ ಅವಳಿಗೆ ಅಮ್ಮನ ಹೆಣ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೊಯ್ಯುವ ಮೇಜು, ಅದರ ಸುತ್ತ ನಿಂತ ಹುಡುಗರು, ಅವರ ನಗು. ಒಂದು ತುತ್ತು ತಾನೆ?

ಊಟದ ಮೇಜಿಗೆ ಅವಳೇ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿತ್ತು. ಅಪ್ಪನ ಕುರ್ಚಿಯಲ್ಲಿ ಚಿಕ್ಕ ಯಜಮಾನ. ಬಲಕ್ಕೆ ಇನ್‌ಸ್ಪೆಕ್ಟರು, ಗಟ್ಟಿ ಊಟವೆಂದು ಸೊಂಟದ ಬೆಲ್ಟು ಸಡಿಲ ಮಾಡಿಕೊಂಡಿದ್ದರು. ಎದುರಿಗೆ ಡಾಕ್ಟರು. ಪಕ್ಕದ ಮೇಜಿನಿಂದ ಮಾಂಸದ ಸಾರಿನ ಪಾತ್ರೆ ಎತ್ತಿ ತಂದವರು ಅಕ್ಕಾವ್ರೇ.

"ಎಡಕ್ಕೆ ನಿಂತ್ಕೋ," ಎಂದ ಚಿಕ್ಕ ಯಜಮಾನ.

ನಿಂತಳು.

ಅಕ್ಕಾವ್ರು ಒಂದು ಚಮಚ ಸಾರು ಅವಳ ಅಂಗೈಗೆ ಸುರಿದರು. ಸುಟ್ಟಿತು. ಅಮ್ಮನ ಅಂಗೈ ಯಾಕೆ ಅಷ್ಟು ದಪ್ಪಗಾಗಿತ್ತೆಂದು ಅವಳಿಗೆ ಈಗ ತಿಳಿಯಿತು.

"ಬೇಗ ತಿನ್ನು. ಸಾಹೇಬ್ರು ಹಸಿದಿದ್ದಾರೆ." ಚಿಕ್ಕ ಯಜಮಾನ ತನ್ನ ಚಮಚ ಮುಟ್ಟಿರಲಿಲ್ಲ. ಅವನ ಕಣ್ಣು ಸಾರಿನ ಮೇಲಿರಲಿಲ್ಲ, ತಂಗಿಯ ಕೈಯ ಮೇಲಿತ್ತು.

ಇಸ್ತ್ರಿ ಆ ಕಣ್ಣನ್ನು ಕಂಡಳು. ಅಂಗೈ ಅರ್ಧಕ್ಕೇ ನಿಂತಿತು.

"ಯಜಮಾನ್ರೇ, ಒಂದು ಮಾತು ಕೇಳ್ಲಾ?"

"ತಿಂದು ಕೇಳು."

"ಕೊಂದವಳು ನಮ್ಮಮ್ಮ ಅಂತ ಈಗ ತಾನೇ ತೀರ್ಮಾನ ಆಯ್ತು. ಅವಳು ಸತ್ತೂ ಹೋದಳು. ಮತ್ತೆ ನೀವು ಯಾರಿಗೆ ಹೆದರಿಕೊಂಡು ನನ್ನ ಇಲ್ಲಿ ನಿಲ್ಲಿಸಿದ್ದೀರಿ?"

ಇನ್‌ಸ್ಪೆಕ್ಟರ ಬ್ರೆಡ್ಡಿನ ಚೂರು ಬಾಯಿಯ ಬಳಿಯೇ ನಿಂತಿತು. ಅದನ್ನು ಅವರು ನಿಧಾನವಾಗಿ, ಏನೂ ಆಗಿಲ್ಲವೆಂಬಂತೆ, ತಟ್ಟೆಯಲ್ಲಿಟ್ಟರು. ಚಿಕ್ಕ ಯಜಮಾನ ಮತ್ತೆ ತಂಗಿಯತ್ತ ನೋಡಿದ. ನೋಡಬಾರದಿತ್ತು, ಆದರೆ ನೋಡಿದ. ಈ ಸಲ ಅದನ್ನು ಮೇಜಿನಲ್ಲಿದ್ದವರೆಲ್ಲ ಕಂಡರು.

"ತಿನ್ನಮ್ಮ," ಎಂದರು ಅಕ್ಕಾವ್ರು, ಹಾಲು ಕೊಡುವಾಗಿನ ದನಿಯಲ್ಲೇ. "ಆರಿಹೋಗುತ್ತೆ."

"ಅಕ್ಕಾವ್ರೇ, ನನ್ನೆದುರೇ ನೀವೊಂದು ಚಮಚ ತಿನ್ನಿ."

"ಏಯ್!" ಡಾಕ್ಟರು ಅರ್ಧ ಎದ್ದರು. "ಹೆಣ ಬೇಕಾ ಬೇಡ್ವಾ ನಿಂಗೆ? ಹೇಳು!"

ಬೇಕು. ಅವಳ ಮೈಯ ಒಂದೊಂದು ಮೂಳೆಯೂ ಬೇಕು ಎಂದಿತು. ಆದರೆ ಈ ಸಾರನ್ನು ನುಂಗಿ ನಾಲಿಗೆ ಚಾಚಿದರೆ ಮಣ್ಣಿಗೆ ಹೋಗುವುದು ಒಬ್ಬ ಕೊಲೆಗಾತಿಯ ಹೆಣ. ಅದರ ಮಗಳು ಈ ಕುರ್ಚಿಯ ಎಡಕ್ಕೆ ನಿಂತು ಸಾಯುತ್ತಾಳೆ. ಅವಳ ಮಗಳು ಹುಟ್ಟಿದರೆ ಅವಳೂ.

"ನಮ್ಮಮ್ಮನ್ನ ಈ ಮನೆಯವರು ಕೊಂದರು ಅಂತ ಹೇಳಿ ತಂದುಕೊಡಿ, ತಗೋತೀನಿ," ಎಂದಳು. "ಅವಳೇ ಕೊಂದಳು ಅಂತ ಹೇಳಿ ಕೊಡೋದಾದ್ರೆ ನೀವೇ ಇಟ್ಕೊಳ್ಳಿ. ಸಾಹೇಬ್ರೇ, ಈ ಸಾರು ನಿಮ್ಮ ಮುಂದೇ ಇದೆ. ನಿಮಗೆ ಡಾಕ್ಟ್ರ ಮಾತಲ್ಲಿ ಅಷ್ಟು ನಂಬಿಕೆ ಇದ್ರೆ ಊಟ ಮಾಡಿ."

ಇನ್‌ಸ್ಪೆಕ್ಟರು ತಟ್ಟೆಯನ್ನು ಬೆರಳ ತುದಿಯಿಂದ ಮುಂದಕ್ಕೆ ನೂಕಿದರು.

ಅವಳು ಅಂಗೈ ಮಗುಚಿದಳು. ಬಿಳಿ ಬಟ್ಟೆಯ ಮೇಲೆ ಸಾರಿನ ಕಲೆ ಹರಡಿತು. ಚಿಕ್ಕ ಯಜಮಾನನ ಮುಖ ಕೆಂಪೇರಿತು, ಮೇಜಿಗೆ ಗುದ್ದಿದ ಏಟಿಗೆ ಲೋಟಗಳು ಕುಣಿದವು.

"ಪಾತ್ರೆಯಿಂದ ಇನ್ನೊಂದು ಚಮಚ ಹಾಕು ಅವಳಿಗೆ! ತಿನ್ನೇ! ತಿಂದು ನಾಲಿಗೆ ತೋರಿಸು!"

ಅಕ್ಕಾವ್ರ ಕೈಯಲ್ಲಿದ್ದ ಚಮಚ ಮುಂದೆ ಬಂತು. ಇಸ್ತ್ರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಿನ್ನಲ್ಲ," ಎಂದಳು.